ಪಟ್ಟಮಹಾದೇವಿ ಶಾಂತಲೆ

ಶಾಂತಲೆ ಅಥವಾ ಶಾಂತಲದೇವಿ (ನಿಧನ: 1131) ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಾದೇವಿ. ಬೇಲೂರಿನ ಕಪ್ಪೆ ಚೆನ್ನಿಗರಾಯ ದೇವಾಲಯ ಹಾಗೂ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಗಳನ್ನು ಕಟ್ಟಿಸಿದವಳು. ಸಂಗೀತ ಮತ್ತು ನೃತ್ಯಗಳಲ್ಲಿ ಪರಿಣತೆಯೆಂದು ಶಾಸನಗಳು ಆಕೆಯನ್ನು ಹೊಗಳಿವೆ. ಕರ್ನಾಟಕದ ಜನಮಾನಸದಲ್ಲಿ ಇಷ್ಟು ಆಳವಾಗಿ ನೆಲೆಯೂರಿದ ಅರಸಿಯರು ವಿರಳ. ಆದರೆ ಜನರು ಬಲ್ಲ ಶಾಂತಲೆಗೂ ಶಾಸನಗಳು ತೋರುವ ಶಾಂತಲೆಗೂ ಹಲವು ವಿಷಯಗಳಲ್ಲಿ ಅಂತರವಿದೆ.

ಮನೆತನ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ. ಪೆರ್ಗಡೆ ಎಂಬುದು ಅಂದಿನ ಆಡಳಿತದಲ್ಲಿ ಒಬ್ಬ ಅಧಿಕಾರಿಯ ಪದವಿ. ತಂದೆ ಶಿವಭಕ್ತ, ತಾಯಿ ಜಿನಭಕ್ತೆ, ದಂಡನಾಯಕ ಬಲದೇವನ ಮಗಳು. ಒಂದೇ ಮನೆಯಲ್ಲಿ ಎರಡು ಮತಗಳು ಕೂಡಿ ಬಾಳುವುದು ಆ ಕಾಲದ ಕನ್ನಡ ನಾಡಿನಲ್ಲಿ ಅಪರೂಪವೇನಾಗಿರಲಿಲ್ಲ. ಶಾಂತಲೆ ತಾಯಿಯ ಧರ್ಮವನ್ನು ಅನುಸರಿಸಿದಳು. ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು.

ಪಟ್ಟದ ರಾಣಿ

ಶಾಂತಲೆಯ ಪತಿಯ ಮೊದಲ ಹೆಸರು ಬಿಟ್ಟಿದೇವ. ಶ್ರೀ ರಾಮಾನುಜಾಚಾರ್ಯರ ಪ್ರಭಾವದಿಂದ ಆತ ವೈಷ್ಣವನಾಗಿ ವಿಷ್ಣುವರ್ಧನನೆಂದು ಹೆಸರಾದನೆಂದು ಸಂಪ್ರದಾಯ ಹೇಳುತ್ತದೆ. ಚೋಳರಿಂದ ತಲಕಾಡನ್ನು ಗೆದ್ದು ತಲಕಾಡುಗೊಂಡ ಎಂಬ ಬಿರುದನ್ನು ಪಡೆದನು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠಾಪಿಸಿದನು. ಅದೇ ಪ್ರಾಕಾರದೊಳಗೆ ಶಾಂತಲೆ ಕಟ್ಟಿಸಿದ ಗುಡಿಯೇ ಕಪ್ಪೆ ಚೆನ್ನಿಗರಾಯನದು. ಜಿನಭಕ್ತೆಯಾದ ರಾಣಿಯು ವಿಷ್ಣುವಿಗೆ ಗುಡಿ ಕಟ್ಟಿಸಿದಳು. ಪತಿಯ ಮತ ಬದಲಾದರೂ ತನ್ನ ಮತವನ್ನು ಬಿಡಲಿಲ್ಲ. ಇದಕ್ಕೆ ಕೆಲವೇ ವರ್ಷಗಳ ಬಳಿಕ ಬೆಳಗೊಳದಲ್ಲಿ ಆಕೆ ಎತ್ತಿಸಿದ ಬಸದಿಯೇ ಸಾಕ್ಷಿ.

ಶಾಸನಗಳು ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ಸೂತ್ರಧಾರೆಯೆಂದೂ ವಿವೇಕದಲ್ಲಿ ಬೃಹಸ್ಪತಿಯೆಂದೂ ವರ್ಣಿಸುತ್ತವೆ. ಉದ್ವೃತ್ತ ಸವತಿಗಂಧವಾರಣೆ ಎಂಬುದು ಆಕೆಯ ಪ್ರಸಿದ್ಧ ಬಿರುದು. ಸೊಕ್ಕಿದ ಸವತಿಯರಿಗೆ ಮದ್ದಾನೆಯಂತಿರುವವಳು ಎಂಬುದು ಇದರ ಅರ್ಥ. ವಿಷ್ಣುವರ್ಧನನಿಗೆ ಲಕ್ಷ್ಮೀದೇವಿ, ಬಮ್ಮಲದೇವಿ ಮೊದಲಾದ ಬೇರೆ ರಾಣಿಯರೂ ಇದ್ದರು. ಅಂತಃಪುರದಲ್ಲಿ ಮೊದಲ ಸ್ಥಾನವನ್ನು ಕಾಪಾಡಿಕೊಳ್ಳುವುದು ಸುಲಭವಾಗಿರಲಿಲ್ಲವೆಂಬುದನ್ನು ಈ ಬಿರುದೇ ಸೂಚಿಸುತ್ತದೆ.

ನಿರ್ಮಾಣಗಳು ಮತ್ತು ದತ್ತಿಗಳು

1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಲೆ ಶಾಂತಿನಾಥ ತೀರ್ಥಂಕರರ ಬಸದಿಯನ್ನು ನಿರ್ಮಿಸಿದಳು. ಆಕೆಯ ಬಿರುದಿನಿಂದಲೇ ಅದಕ್ಕೆ ಸವತಿಗಂಧವಾರಣ ಬಸದಿ ಎಂಬ ಹೆಸರು ಬಂದಿತು. ಪೂಜೆಗೂ ಮುನಿಗಳ ಆಹಾರದಾನಕ್ಕೂ ಅರಸನ ಒಪ್ಪಿಗೆ ಪಡೆದು ಮೊಟ್ಟೆನವಿಲೆ ಗ್ರಾಮವನ್ನು ಗುರುಗಳಿಗೆ ದತ್ತಿಯಾಗಿ ಬಿಟ್ಟಳು. ಗುಡಿ ಕಟ್ಟಿಸಿದರೆ ಸಾಲದು, ಅದು ನಡೆಯಲು ಆದಾಯವನ್ನೂ ಒದಗಿಸಬೇಕೆಂಬುದು ಅಂದಿನ ರೂಢಿ. ದಾನ ನೀಡುವುದರಲ್ಲಿ ಶಾಂತಲೆ ಒಂಟಿಯಾಗಿರಲಿಲ್ಲ. ಸೇನಾಪತಿ ಗಂಗರಾಜನ ಪತ್ನಿ ಲಕ್ಕಲೆಯೂ ಅದೇ ಬೆಟ್ಟದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದ್ದಳು.

ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಕೇತಮಲ್ಲನೆಂಬ ಅಧಿಕಾರಿ ಕಟ್ಟಿಸಿದ ಜೋಡಿ ಶಿವಾಲಯದ ಒಂದು ಗರ್ಭಗುಡಿಗೆ ದೊರೆಯ ನೆನಪಿಗೆ ಹೊಯ್ಸಳೇಶ್ವರನೆಂದೂ ಇನ್ನೊಂದಕ್ಕೆ ರಾಣಿಯ ನೆನಪಿಗೆ ಶಾಂತಲೇಶ್ವರನೆಂದೂ ಹೆಸರಿದೆ. ಹಾಸನದ ಸಮೀಪದ ಶಾಂತಿಗ್ರಾಮವೂ ಆಕೆಯ ಹೆಸರಿನೊಂದಿಗೆ ಕೂಡಿಕೊಂಡಿದೆ.

ಬೇಲೂರಿನ ಮದನಿಕೆಯರಿಗೆ, ಮುಖ್ಯವಾಗಿ ದರ್ಪಣಸುಂದರಿಗೆ, ಶಾಂತಲೆಯೇ ರೂಪದರ್ಶಿಯೆಂಬ ನಂಬಿಕೆ ಜನಪ್ರಿಯವಾಗಿದೆ. ಆದರೆ ಆ ಶಿಲ್ಪಗಳ ಕೆಳಗಿನ ಬರಹಗಳು ದಾಸೋಜ, ಚಾವಣ ಮುಂತಾದ ಶಿಲ್ಪಿಗಳ ಹೆಸರು, ಊರು, ಬಿರುದುಗಳನ್ನು ತಿಳಿಸುವಂಥವು. ಆದ್ದರಿಂದ ಈ ನಂಬಿಕೆಯನ್ನು ಐತಿಹ್ಯವೆಂದೇ ತಿಳಿಯುವುದು ಉಚಿತ.

ನಿಧನ

1131ರ ವಿರೋಧಿಕೃತು ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಶಿವಗಂಗೆಯು ತುಮಕೂರು–ಬೆಂಗಳೂರು ಹೆದ್ದಾರಿಯ ಡಾಬಸ್‌ಪೇಟೆಗೆ ಹತ್ತಿರದ ಬೆಟ್ಟ. ಅಲ್ಲಿನ ಒಂದು ಕಡಿದಾದ ಬಂಡೆಯಿಂದ ರಾಣಿ ಹಾರಿ ಪ್ರಾಣ ಬಿಟ್ಟಳೆಂಬ ಕಥೆಯನ್ನು ಬೆಟ್ಟ ಹತ್ತಿದ ಪ್ರತಿಯೊಬ್ಬ ಯಾತ್ರಿಕನೂ ಕೇಳಿರುತ್ತಾನೆ. ತನಗೆ ಗಂಡು ಸಂತಾನವಿಲ್ಲದ ಕಾರಣ, ಲಕ್ಷ್ಮೀದೇವಿಯಿಂದ ರಾಜ್ಯಕ್ಕೆ ಉತ್ತರಾಧಿಕಾರಿ ದೊರೆಯಲೆಂದು ಆಕೆ ಹೀಗೆ ಮಾಡಿದಳೆಂದು ಕಥೆ ಮುಂದುವರಿಯುತ್ತದೆ. ವಿಷ್ಣುವರ್ಧನನ ಅನಂತರ ಸಿಂಹಾಸನವೇರಿದ ಒಂದನೆಯ ನರಸಿಂಹ ಲಕ್ಷ್ಮೀದೇವಿಯ ಮಗನೆಂಬುದು ನಿಜ. ಆದರೆ ಬಂಡೆಯಿಂದ ಹಾರಿದ ಮಾತು ಶಾಸನದಲ್ಲಿಲ್ಲ. ಅಲ್ಲಿ ಬಳಸಿರುವ ಕ್ರಿಯಾಪದ ಮುಡಿಪು. ವ್ರತದಿಂದ ದೇಹ ಬಿಟ್ಟವರ ವಿಷಯದಲ್ಲಿ ಜೈನ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಹೀಗಾಗಿ ಶಾಂತಲೆಯದು ಸಲ್ಲೇಖನ ಮರಣವಿರಬೇಕೆಂದು ಊಹಿಸಲು ಅವಕಾಶವಿದೆ. ಹತಾಶಳಾದ ಹೆಂಗಸಿನ ಆತ್ಮಹತ್ಯೆಗೂ ಧರ್ಮನಿಷ್ಠೆಯ ವ್ರತಕ್ಕೂ ಇರುವ ಅಂತರ ಸಣ್ಣದಲ್ಲ.

ಶಾಸನದ ಮುಂದಿನ ಭಾಗ ತಾಯಿ ಮಾಚಿಕಬ್ಬೆಯನ್ನು ಕುರಿತದ್ದು. ಮಗಳ ಮರಣದ ಬಳಿಕ ತಾನು ಉಳಿಯಲಾರೆನೆಂದು ಆಕೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಮಾಧಿಮರಣವನ್ನು ಪಡೆದಳು. ಪ್ರಭಾಚಂದ್ರರು ಮೊದಲಾದ ಗುರುಗಳು ಅದಕ್ಕೆ ಸಾಕ್ಷಿಗಳಾಗಿದ್ದರು. ದಾನಗಳ ಪಟ್ಟಿಯೇ ಹೆಚ್ಚಾಗಿರುವ ಶಾಸನಗಳ ನಡುವೆ ತಾಯಿಯೊಬ್ಬಳ ದುಃಖವನ್ನು ಇಷ್ಟು ನೇರವಾಗಿ ದಾಖಲಿಸಿರುವುದು ಗಮನಾರ್ಹ.

ತೆಂಗಿನ ಸೀಮೆ ಮತ್ತು ಹೊಯ್ಸಳ ಪರಂಪರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಮಗಳು ತೀರಿಕೊಂಡ ಶಿವಗಂಗೆಗೂ ತಾಯಿ ತೀರಿಕೊಂಡ ಬೆಳಗೊಳಕ್ಕೂ ನಡುವಣ ನಾಡಿನಲ್ಲಿದೆ. ಶಾಂತಲೆಯ ಕಾಲದಲ್ಲಿ ಬೇಲೂರಿನಲ್ಲಿ ಅರಳಿದ ಶಿಲ್ಪಶೈಲಿ ಮುಂದಿನ ಶತಮಾನದಲ್ಲಿ ಈ ಸೀಮೆಯ ಹಳ್ಳಿಗಳಿಗೂ ಹಬ್ಬಿತು. ತುರುವೇಕೆರೆ, ಅರಳಗುಪ್ಪೆ ಹಾಗೂ ವಿಘ್ನಸಂತೆಗಳ ದೇವಾಲಯಗಳು ಇದಕ್ಕೆ ನಿದರ್ಶನ. ಬೇಲೂರಿಗೆ ಹೋಗಲಾಗದ ವಿದ್ಯಾರ್ಥಿಗಳು ಹೊಯ್ಸಳ ಶಿಲ್ಪದ ಲಕ್ಷಣಗಳನ್ನು ತಮ್ಮ ತಾಲ್ಲೂಕಿನಲ್ಲಿಯೇ ನೋಡಬಹುದು.

ಸಾಹಿತ್ಯದಲ್ಲಿ

ಕೆ. ವಿ. ಅಯ್ಯರ್ ಅವರ ಶಾಂತಲಾ ಮತ್ತು ಸಿ. ಕೆ. ನಾಗರಾಜರಾವ್ ಅವರ ಪಟ್ಟಮಹಾದೇವಿ ಶಾಂತಲದೇವಿ ಈ ರಾಣಿಯನ್ನು ಕುರಿತ ಪ್ರಸಿದ್ಧ ಕಾದಂಬರಿಗಳು. ಎರಡನೆಯದಕ್ಕೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಲಭಿಸಿದೆ. ಶಾಂತಲೆಯನ್ನು ಮನೆಮಾತಾಗಿಸಿದ ಕೀರ್ತಿ ಇಂಥ ಕೃತಿಗಳಿಗೆ ಸಲ್ಲುತ್ತದೆ. ಆದರೂ ಕಾದಂಬರಿಯ ಸನ್ನಿವೇಶಗಳನ್ನು ಇತಿಹಾಸವೆಂದು ಭಾವಿಸದೆ, ಆಕೆಯ ಜೀವನವನ್ನು ತಿಳಿಯಲು ಬೇಲೂರು ಮತ್ತು ಶ್ರವಣಬೆಳಗೊಳಗಳ ಶಾಸನಗಳನ್ನೇ ಮೊದಲ ಆಧಾರವಾಗಿ ಇಟ್ಟುಕೊಳ್ಳಬೇಕು.