ಗುಲ್ವಾಡಿ ವೆಂಕಟರಾಯರು ಮತ್ತು ಅವರ ಇಂದಿರಾಬಾಯಿ

ಕನ್ನಡ ಕಾದಂಬರಿ ಅಂದ ಕೂಡಲೆ ನಮಗೆ ಕಾರಂತ, ಅನಕೃ, ನಿರಂಜನ ಇವರೆಲ್ಲ ನೆನಪಾಗುತ್ತಾರೆ. ಇವರಿಗೂ ಮೊದಲೇ ಸಮಾಜದ ಹುಳುಕನ್ನು ಕಾದಂಬರಿಯಲ್ಲಿ ಬಯಲಿಗೆಳೆದವರು ಗುಲ್ವಾಡಿ ವೆಂಕಟರಾಯರು. ಕುಂದಾಪುರದ ಕಡೆಯ ಗುಲ್ವಾಡಿ ಊರಿನ ಸಾರಸ್ವತ ಮನೆತನದವರು. 1844ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಹಿಡಿದದ್ದು ಪೊಲೀಸ್ ಇಲಾಖೆಯ ಕೆಲಸ. ಊರಿನ ಒಳಗುಟ್ಟು ಪೊಲೀಸರಿಗೆ ತಿಳಿದಷ್ಟು ಇನ್ಯಾರಿಗೆ ತಿಳಿದೀತು?

1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು' ಹೊರಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ಇದನ್ನು ವಿಮರ್ಶಕರು ಗುರುತಿಸುತ್ತಾರೆ. ಆಮೇಲೆ 'ಭಾಗೀರಥಿ' (1900), 'ಸೀಮಂತಿನಿ' (1907) ಬಂದವು.

ಇಂದಿರೆ ಚಿಕ್ಕ ವಯಸ್ಸಿಗೇ ವಿಧವೆಯಾದ ಹುಡುಗಿ. ತಾಯಿ ಅಂಬಾಬಾಯಿ ಭಕ್ತಿಯ ಹೆಸರಿನಲ್ಲಿ ಕಪಟ ಸಂತರ ಕೂಟಕ್ಕೆ ಮಗಳನ್ನು ಎಳೆಯಲು ನೋಡುತ್ತಾಳೆ. ಹುಡುಗಿ ಅಳುತ್ತಾ ಕೂರಲಿಲ್ಲ. ಮನೆಬಿಟ್ಟು ಹೊರಟು ಅಮೃತರಾಯರ ಮನೆ ಸೇರುತ್ತಾಳೆ, ಓದು ಕಲಿಯುತ್ತಾಳೆ. ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರರಾಯನ ಕೈ ಹಿಡಿಯುತ್ತಾಳೆ. ಸಮುದ್ರ ದಾಟಿದವರನ್ನು ಜಾತಿಯಿಂದಲೇ ಹೊರಗಿಡುತ್ತಿದ್ದ ಕಾಲ ಅದು. ಅಂಥಾದ್ದರಲ್ಲಿ ರಾಯರು ಒಂದೇ ಮದುವೆಯಲ್ಲಿ ಎರಡು ಕಟ್ಟಳೆ ಮುರಿದರು. ಅವರು ಬರೆದದ್ದು ತಮ್ಮದೇ ಜನರ ವಿಚಾರ ಅನ್ನೋದನ್ನು ಮರೆಯಬಾರದು.

ಕೊರತೆಯೂ ಉಂಟು. ಇಂಗ್ಲಿಷ್ ವಿದ್ಯೆ ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನೋ ನಂಬಿಕೆ ಕಾದಂಬರಿಯ ತುಂಬ ಇದೆ. ಕಥೆ ಹೆಚ್ಚಾಗಿ ಮೇಲುಜಾತಿಯ ಉಳ್ಳವರ ಮನೆಗಳಲ್ಲೇ ಸುತ್ತುತ್ತದೆ.

ಇದು 1903ರಲ್ಲೇ ಇಂಗ್ಲಿಷಿಗೆ ಹೋಯಿತು. 2019ರಲ್ಲಿ ಮತ್ತೊಮ್ಮೆ ಅನುವಾದಿಸಿದವರು ವನಮಾಲ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್. ಪಡಿಕ್ಕಲ್ ಅವರು ಪಾಠ ಹೇಳಿದ್ದು ನಮ್ಮ ಲಿಂಗಂಪಲ್ಲಿಯ ಪಕ್ಕದ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ. ಇಲ್ಲಿನ ತೆಲುಗು ಗೆಳೆಯರಿಗೆ ವೀರೇಶಲಿಂಗಂ ಗೊತ್ತು. ಅವರು 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ಮಾಡಿಸಿದ್ದೂ ಗೊತ್ತು. ನಮ್ಮ ವೆಂಕಟರಾಯರು ನಮಗೆಷ್ಟು ಗೊತ್ತು?

ವಿಧವಾ ವಿವಾಹಕ್ಕೆ ಕಾನೂನು ಬಂದದ್ದು 1856ರಲ್ಲಿ. ನಲವತ್ಮೂರು ವರ್ಷ ಕಳೆದರೂ ಈ ಕಥೆ ಬರೆಯಬೇಕಾಯಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು ಗೆಳೆಯರೇ, ರಾತ್ರಿ ಬಂದು ತಟ್ಟಿದವಳಿಗೆ ಬಾಗಿಲು ತೆರೆಯುವ ಒಂದು ಮನೆಯೂ ಊರಲ್ಲಿರಬೇಕು.