ಟಿಟ್ವಾಳಾದ ಹಾದಿಯಲ್ಲಿ ಗೋದಾವರಿಬಾಯಿ

ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಯಿತು. ಅಂಗಾರಕ ಸಂಕಷ್ಟಿಗೆಂದು ಕಲ್ಯಾಣ ದಾಟಿ ಟಿಟ್ವಾಳಾ ಗಣಪತಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅದೇ ಊರಿನಲ್ಲಿ 1945ರ ಜನವರಿಯಲ್ಲಿ ರೈತರ ಸಮ್ಮೇಳನ ನಡೆದಿತ್ತು, ಅದಕ್ಕೆ ಜನರನ್ನು ಕರೆಯಲು ಹೆಣ್ಣುಮಗಳೊಬ್ಬರು ಹಳ್ಳಿಹಳ್ಳಿ ತಿರುಗಿದ್ದರು ಎಂದು ತಿಳಿದದ್ದು ಮಾತ್ರ ಈಚೆಗೆ. ಅವರೇ ಗೋದಾವರಿ ಪರುಳೇಕರ್.

1907ರಲ್ಲಿ ಪುಣೆಯ ಗೋಖಲೆ ಮನೆತನದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಕಾನೂನು ಓದದ ಕಾಲದಲ್ಲಿ ಆ ಪದವಿ ಪಡೆದರು. 1938ರ ಹೊತ್ತಿಗೆ ಮುಂಬಯಿಯಲ್ಲಿ ಮನೆಗೆಲಸದವರನ್ನು ಸಂಘಟಿಸಿದರು. ಇದನ್ನು ಓದುವಾಗ ನನ್ನ ಕಣ್ಣು ಅಡುಗೆಮನೆಯ ಕ್ಯಾಲೆಂಡರಿನತ್ತ ಹೋಯಿತು. ನಮ್ಮ ಬಾಯಿ ಬಾರದ ದಿನಗಳಿಗೆ ನಾನು ಗುರುತು ಹಾಕುವುದು ಅಲ್ಲೇ.

ಟಿಟ್ವಾಳಾಕ್ಕೆ ಉಂಬರಗಾಂವ್ ಕಡೆಯ ಕೆಲವು ವಾರ್ಲಿಗಳೂ ಬಂದಿದ್ದರು. ವಾರ್ಲಿ ಚಿತ್ರದ ಸೀರೆ ನಮ್ಮಲ್ಲಿ ಅನೇಕರ ಬಳಿ ಇದೆ. ಆ ಜನರ ಪಾಡು ಗೊತ್ತಿಲ್ಲ. ಮದುವೆಗೆ ಜಮೀನ್ದಾರನಿಂದ ಸಾಲ ತಂದವನು ಕೈಹಿಡಿದವಳ ಸಮೇತ ಅವನ ಜೀತಕ್ಕೆ ಬೀಳುತ್ತಿದ್ದ. ಅಂಥವನನ್ನು ಲಗ್ನಗಡಿ ಎನ್ನುತ್ತಿದ್ದರು. ಉಳಿದವರಿಗೂ ಬಿಟ್ಟಿ ಚಾಕರಿ ತಪ್ಪಿದ್ದಲ್ಲ. ಗೋದಾವರಿಬಾಯಿ ಆ ಗುಡಿಸಲುಗಳಲ್ಲೇ ಉಂಡು, ಮಲಗಿ, ಕಾಡುದಾರಿ ಸವೆಸಿದರು.

1945ರ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸುಮಾರು ಐದು ಸಾವಿರ ವಾರ್ಲಿಗಳು ಸೇರಿದರು. ಇನ್ನು ಬಿಟ್ಟಿ ದುಡಿಯುವುದಿಲ್ಲ, ದಿನಕ್ಕೆ 12 ಆಣೆ ನಗದು ಕೊಟ್ಟರಷ್ಟೇ ಜಮೀನ್ದಾರನ ಹೊಲಕ್ಕಿಳಿಯುವುದು ಎಂದು ನಿಶ್ಚಯಿಸಿದರು. ಮಳೆಗಾಲ ಮುಗಿದ ಮೇಲೆ ಹುಲ್ಲು ಕೊಯ್ಯುವ ಕೂಲಿಯ ಮುಷ್ಕರ: 500 ಪೌಂಡ್ ಹುಲ್ಲಿಗೆ ಎರಡೂವರೆ ರೂಪಾಯಿ ಬೇಕು. ಅಕ್ಟೋಬರಿನಲ್ಲಿ ತಲವಾಡಾದಲ್ಲಿ ಪೊಲೀಸರ ಗುಂಡಿಗೆ ಜೇಠ್ಯಾ ಗಾಂಗಡ ಸೇರಿ ಐವರು ಬಲಿಯಾದರು. ಗೋದಾವರಿಬಾಯಿಯನ್ನೂ ಪತಿ ಶಾಮರಾವ್ ಅವರನ್ನೂ ಜಿಲ್ಲೆಯಿಂದ ಗಡೀಪಾರು ಮಾಡಿದರು. ಆದರೂ ವಾರ್ಲಿಗಳು ಕುಡುಗೋಲು ಕೆಳಗಿಟ್ಟೇ ಕೂತರು. ಕೊನೆಗೆ ಮಣಿದದ್ದು ಜಮೀನ್ದಾರರು.

1948ರ ಕನಿಷ್ಠ ವೇತನ ಕಾಯಿದೆಯ ಪಟ್ಟಿಯಲ್ಲಿ ಕೃಷಿಗೆ ಜಾಗ ಸಿಕ್ಕಿತು. ಮನೆಗೆಲಸ ಆ ಮೂಲ ಪಟ್ಟಿಯಲ್ಲಿ ಇರಲಿಲ್ಲ. ವಾರ್ಲಿಗಳ ನಡುವಿನ ಆ ದಿನಗಳನ್ನು ಗೋದಾವರಿಬಾಯಿ ಬರೆದಿಟ್ಟ ಮರಾಠಿ ಪುಸ್ತಕ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ಗೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 1996ರಲ್ಲಿ.

ಈ ತಿಂಗಳು ಕ್ಯಾಲೆಂಡರ್ ನೋಡದೆ ಬಾಯಿಗೆ ಪೂರ್ತಿ ಸಂಬಳ ಕೊಟ್ಟೆ. ಎರಡು ಸಲ ಎಣಿಸಿದಳು. ಲೆಕ್ಕ ತಪ್ಪಿದೆಯೆಂದು ಮುನ್ನೂರು ರೂಪಾಯಿ ತಿರುಗಿ ಕೊಡಲು ಬಂದಳು.