ಚವದಾರ್ ಕೆರೆ ಮತ್ತು ಪೀಠಿಕೆಯ ಒಂದು ಪದ

ಪ್ರತಿಭಟನೆ ಇರಲಿ, ಕಾಲೇಜು ಕಾರ್ಯಕ್ರಮ ಇರಲಿ, ಈಗ ಸಂವಿಧಾನದ ಪೀಠಿಕೆ ಓದಿಯೇ ಶುರು ಮಾಡ್ತೀವಿ. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯರು ಕೇಳ್ತಾರೆ: ಇದು ಕೋಡ್ ಮೇಲೆ ಬರೆಯೋ ಕಾಮೆಂಟ್ ಥರ ಅಲ್ವಾ? ಓದೋಕೆ ಚೆಂದ, ಕಂಪ್ಯೂಟರ್ ಅದನ್ನು ನೋಡೋದೇ ಇಲ್ಲ. ಪ್ರಶ್ನೆ ನ್ಯಾಯವಾದದ್ದೇ. ಬರೀ ಪೀಠಿಕೆ ಹಿಡಿದು ಕೋರ್ಟಿಗೆ ಹೋದರೆ ಹಕ್ಕು ಸಿಗೋದಿಲ್ಲ. ಅದು ಸಂವಿಧಾನದ ಭಾಗವೇ ಅಲ್ಲ ಅಂತ 1960ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, 1973ರಲ್ಲಿ, ಆ ನಿಲುವು ಬದಲಿಸಿತು. ಹಾಗಾದ್ರೆ ಪೀಠಿಕೆ ಯಾಕೆ ಬೇಕು? ಇದಕ್ಕೆ ಉತ್ತರವನ್ನು ನಾನು ಬಾಬಾಸಾಹೇಬ್ ಅಂಬೇಡ್ಕರ್ ಅವರ ಬದುಕಲ್ಲಿ ಹುಡುಕ್ತೀನಿ.

1891ರಲ್ಲಿ ಮಹೂನಲ್ಲಿ ಹುಟ್ಟಿದ ಅವರು ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ದೊಡ್ಡ ಹುದ್ದೆ, ಆದರೆ ಊರಲ್ಲಿ ತಲೆ ಮರೆಸೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಗುರುತು ಮುಚ್ಚಿಟ್ಟು ಉಳಿದಿದ್ದವರನ್ನು ಕೋಲು ಹಿಡಿದು ಬಂದ ಗುಂಪು ಹೊರಗೆ ಹಾಕಿತು.

ಹತ್ತು ವರ್ಷದ ನಂತರ ಮಹಾಡ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇಲ್ಲಿ ಕಾನೂನು ದಲಿತರ ಪರವಾಗೇ ಇತ್ತು. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಬಾಂಬೆ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. ಆದರೂ ದಲಿತರು ಆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಜನರನ್ನು ಕರೆದುಕೊಂಡು ಹೋಗಿ ಬೊಗಸೆ ನೀರು ಕುಡಿದರು. ಅವತ್ತೇ ದಲಿತರ ಮೇಲೆ ಹಲ್ಲೆ ಆಯ್ತು. ಆಮೇಲೆ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ದಲಿತರ ಪರ ಹೈಕೋರ್ಟ್ ತೀರ್ಪು ಬರುವಾಗ 1937.

ಹೀಗೆ ಕೆರೆಯ ದಡದಲ್ಲಿ ಕಾನೂನು ಸೋತಿದ್ದನ್ನು ಕಂಡವರು 1947ರಲ್ಲಿ ಕರಡು ಸಮಿತಿಯ ಅಧ್ಯಕ್ಷರಾದರು. ಪೀಠಿಕೆಯ ಬೇರು ನೆಹರೂ 1946ರ ಡಿಸೆಂಬರಿನಲ್ಲಿ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿದೆ. ಹಕ್ಕಿನ ಮಾತಿದೆ, ಹಕ್ಕು ಮುರಿದರೆ ಪರಿಹಾರ ಏನು ಅನ್ನೋದಿಲ್ಲ ಅಂತ ಅಂಬೇಡ್ಕರ್ ಆಗಲೇ ಆಕ್ಷೇಪ ಎತ್ತಿದ್ದರು. ಆ ನಿರ್ಣಯದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇದ್ದವು, ಭ್ರಾತೃತ್ವ ಇರಲಿಲ್ಲ. ಅವರ ಸಮಿತಿ 1948ರ ಫೆಬ್ರವರಿಯಲ್ಲಿ ಒಪ್ಪಿಸಿದ ಕರಡಿನಲ್ಲಿ ಆ ಪದ ಬಂತು. ಗಾಂಧಿ ಹತ್ಯೆಯಾಗಿ ಆಗಿನ್ನೂ ಮೂರು ವಾರ.

ಪದದ ಜೊತೆ ಬಂದ ಕ್ರಮವನ್ನೂ ನೋಡಿ: ಮೊದಲು ವ್ಯಕ್ತಿಯ ಘನತೆ, ಆಮೇಲೆ ರಾಷ್ಟ್ರದ ಏಕತೆ. ದೇಶದ ಹೆಸರು ಹೇಳಿ ಪಕ್ಕದವನ ಬಾಯಿ ಮುಚ್ಚಿಸುವವರು ಈ ಸಾಲನ್ನು ಉಲ್ಟಾ ಓದ್ತಾರೆ ಅಂತ ನನಗನ್ನಿಸುತ್ತೆ. ಅಸ್ಪೃಶ್ಯತೆಯನ್ನು 17ನೇ ವಿಧಿ ಅಪರಾಧ ಅನ್ನುತ್ತೆ, ಪೊಲೀಸರು ಕೇಸ್ ಹಾಕಬಹುದು. ಒಂದೇ ಕೆರೆಯ ನೀರು ಒಟ್ಟಿಗೆ ಕುಡಿಯೋ ಮನಸ್ಸನ್ನು ಯಾವ ವಿಧಿಯಲ್ಲಿ ಬರೀತೀರಿ? ಅದಕ್ಕೆ ಜಾಗ ಪೀಠಿಕೆಯೇ.

ಹಿಂದೂ ಕೋಡ್ ಮಸೂದೆ ಮುಂದೆ ಸಾಗದೆ ಹೋದಾಗ, 1951ರಲ್ಲಿ ಅವರು ಸಂಪುಟ ಬಿಟ್ಟರು. 1954ರಲ್ಲಿ ಆಕಾಶವಾಣಿಯಲ್ಲಿ ಮಾತಾಡುತ್ತಾ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿದ್ದಲ್ಲ, ಬುದ್ಧನಿಂದ ಪಡೆದದ್ದು ಅಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಡಿಸೆಂಬರ್ 6ಕ್ಕೆ ತೀರಿಕೊಂಡರು.